1,400 ಮಂದಿಯ ಕಾಲೇಜು, ಇಪ್ಪತ್ತು ತಂಡ

ಅಮೆರಿಕದಲ್ಲಿ ಸಾವಿರಾರು ಕಾಲೇಜುಗಳಿವೆ. ಕ್ರಿಕೆಟ್ಟನ್ನು ಕಾಲೇಜಿನ ಅಧಿಕೃತ ಆಟ ಎಂದು ಒಪ್ಪಿಕೊಂಡು, ಕೋಚ್ ಇಟ್ಟು, ಮೈದಾನ ಕೊಟ್ಟು ತಂಡ ನಡೆಸುವುದು ಮಾತ್ರ ಒಂದೇ ಕಾಲೇಜು. ಅದರ ಹೆಸರು ಹ್ಯಾವರ್‌ಫರ್ಡ್. ಫಿಲಡೆಲ್ಫಿಯಾ ಊರಿನ ಪಕ್ಕದಲ್ಲೇ ಇದೆ. 1833ರಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದವರು ಕಟ್ಟಿದ್ದು. ಒಟ್ಟು ವಿದ್ಯಾರ್ಥಿಗಳು ಸುಮಾರು 1,400. ನಮ್ಮಲ್ಲಿ ಒಂದು ದೊಡ್ಡ ಪಿಯು ಕಾಲೇಜಿನಲ್ಲೇ ಅದಕ್ಕಿಂತ ಜಾಸ್ತಿ ಮಕ್ಕಳಿರುತ್ತಾರೆ.

ಕ್ರಿಕೆಟ್ ಎಂದ ಕೂಡಲೇ ನಿಮ್ಮ ಮುಖ ಅರಳಿತು, ಗೊತ್ತಾಯಿತು. ನಮ್ಮವರು ಹೋಗಿ ಅಲ್ಲಿ ಶುರು ಮಾಡಿರಬೇಕು ಅಂತ ತಾನೇ ಅಂದುಕೊಂಡಿರಿ? ಅಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಫಿಲಡೆಲ್ಫಿಯಾ ಅಂದರೆ ಅಮೆರಿಕದ ಕ್ರಿಕೆಟ್ ಊರು. 1864ರಲ್ಲೇ ಹ್ಯಾವರ್‌ಫರ್ಡ್ ಹುಡುಗರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡದ ಮೇಲೆ ಪಂದ್ಯ ಆಡಿದ್ದರು. ಆಮೇಲೆ ಬೇಸ್‌ಬಾಲ್ ಬಂದು ದೇಶವನ್ನೆಲ್ಲ ಆವರಿಸಿತು. ಬೇರೆ ಕಾಲೇಜುಗಳು ಕ್ರಿಕೆಟ್ ಬಿಟ್ಟವು, ಇವರು ಬಿಡಲಿಲ್ಲ. ಮೈದಾನದ ಹೆಸರು ಕೋಪ್ ಫೀಲ್ಡ್. ಕಾಲೇಜಿನ ಲೈಬ್ರರಿಯಲ್ಲಿ ಬರೀ ಕ್ರಿಕೆಟ್ಟಿಗೆ ಸೇರಿದ ಪುಸ್ತಕ, ಪತ್ರಿಕೆಗಳ ದೊಡ್ಡ ಸಂಗ್ರಹವೇ ಇದೆ.

ತಂಡದಲ್ಲಿ ನಮ್ಮ ಕಡೆಯ ಮಕ್ಕಳು ಇರುತ್ತಾರೆ, ಸರಿ. ಆದರೆ ಜನ್ಮದಲ್ಲಿ ಕ್ರಿಕೆಟ್ ಬ್ಯಾಟ್ ಮುಟ್ಟದ ಅಮೆರಿಕದ ಹುಡುಗರೂ ಸೇರುತ್ತಾರೆ. ಬೇಸ್‌ಬಾಲ್ ಆಡಿ ಬೆಳೆದವರಿಗೆ ಕ್ರಿಕೆಟ್ ಕಲಿಸುವುದನ್ನು ನೀವು ನೋಡಬೇಕು. ಬ್ಯಾಟನ್ನು ಹೆಗಲ ಮೇಲೆ ಎತ್ತಿಕೊಂಡು ನಿಲ್ಲುತ್ತಾನೆ. ಎಲ್ಲ ಬಾಲಿಗೂ ಅಡ್ಡಡ್ಡ ಬೀಸುತ್ತಾನೆ. ತಗುಲಿತೋ, ಬ್ಯಾಟ್ ಅಲ್ಲೇ ಬಿಸಾಕಿ ಓಡುತ್ತಾನೆ. ಮೊದಲು ಅದನ್ನು ಬಿಡಿಸಬೇಕು, ಬ್ಯಾಟ್ ಹಿಡ್ಕೊಂಡೇ ಓಡು ಮಾರಾಯ ಅಂತ. ಆದರೆ ಅದೇ ಹುಡುಗನನ್ನು ಬೌಂಡರಿಯಲ್ಲಿ ನಿಲ್ಲಿಸಿ ನೋಡಿ. ಅವನ ಥ್ರೋ ನೆಲ ಮುಟ್ಟದೆ ನೇರ ಕೀಪರ್ ಕೈಗೆ ಬರುತ್ತದೆ. ಪಾಕಿಸ್ತಾನ ಮೂಲದ ಕಮ್ರಾನ್ ಖಾನ್ ಎಂಬ ಕೋಚ್ ದಶಕಗಳ ಕಾಲ ಅಲ್ಲಿ ಇಂಥವರನ್ನೇ ತಿದ್ದಿ ತೀಡಿ ತಂಡ ಕಟ್ಟಿದರು.

ಈ ಹ್ಯಾವರ್‌ಫರ್ಡ್‌ನಲ್ಲಿ ಕ್ರಿಕೆಟ್ ಸೇರಿ ಇಪ್ಪತ್ತಕ್ಕೂ ಜಾಸ್ತಿ ತಂಡಗಳಿವೆ. ಇರುವುದು 1,400 ಮಕ್ಕಳು. ಈ ಲೆಕ್ಕವನ್ನು ತಲೆಯಲ್ಲಿ ಇಟ್ಟುಕೊಳ್ಳಿ. ಇವತ್ತು ನಾನು ಹೇಳುವುದೆಲ್ಲ ಈ ಲೆಕ್ಕದಿಂದಲೇ ಹುಟ್ಟಿಕೊಳ್ಳುವುದು.

ಲಿಬರಲ್ ಆರ್ಟ್ಸ್ ಕಾಲೇಜು ಅಂದರೆ ಬರೀ ಕಲೆ ಕಲಿಸುವ ಕಾಲೇಜಲ್ಲ. ಫಿಸಿಕ್ಸು, ಗಣಿತ, ಇತಿಹಾಸ, ಸಂಗೀತ ಎಲ್ಲ ಇರುತ್ತದೆ. ನಾಲ್ಕು ವರ್ಷದ ಡಿಗ್ರಿ ಕಲಿಸುವುದೇ ಅವರ ಮುಖ್ಯ ಕೆಲಸ. ದೊಡ್ಡ ಪಿಎಚ್‌ಡಿ ಕಾರ್ಖಾನೆ ಇಲ್ಲ. ಕ್ಲಾಸಿನಲ್ಲಿ ಹದಿನೈದೋ ಇಪ್ಪತ್ತೋ ಮಕ್ಕಳು. ವಿಲಿಯಮ್ಸ್, ಆಮ್‌ಹರ್ಸ್ಟ್, ಸ್ವಾರ್ತ್‌ಮೋರ್, ಗ್ರಿನೆಲ್, ಓಬರ್ಲಿನ್, ಕೆನ್ಯನ್, ಹೀಗೆ ಹೆಸರು ಹೇಳುತ್ತಾ ಹೋಗಬಹುದು. ನಾನೂ ಅಂಥ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿದವನು.

ಅಮೆರಿಕದ ಕಾಲೇಜು ಕ್ರೀಡೆ ಎಂದಾಗ ನಮ್ಮ ಕಣ್ಣ ಮುಂದೆ ಬರುವ ಚಿತ್ರ ಬೇರೆ. ಮಿಷಿಗನ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್ಬಾಲ್ (ನಮ್ಮ ಫುಟ್ಬಾಲ್ ಅಲ್ಲ, ಬಾಲನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟ) ಸ್ಟೇಡಿಯಂನಲ್ಲಿ ಒಂದು ಲಕ್ಷ ಏಳು ಸಾವಿರಕ್ಕೂ ಜಾಸ್ತಿ ಜನ ಕೂರಬಹುದು. ಟಿವಿ, ಜಾಹೀರಾತು, ಕೋಟ್ಯಂತರ ಸಂಬಳದ ಕೋಚು. ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ಸರ್ಕಾರದಿಂದ ಅತಿ ಹೆಚ್ಚು ಸಂಬಳ ಪಡೆಯುವವರು ರಾಜ್ಯಪಾಲರಲ್ಲ, ಯಾವುದೋ ವಿಶ್ವವಿದ್ಯಾಲಯದ ಫುಟ್ಬಾಲ್ ಕೋಚು ಅಥವಾ ಬ್ಯಾಸ್ಕೆಟ್‌ಬಾಲ್ ಕೋಚು. ಅದು ಡಿವಿಷನ್ ಒನ್. ನಾನು ಹೇಳುತ್ತಿರುವ ಸಣ್ಣ ಕಾಲೇಜುಗಳು ಬಹುಪಾಲು ಡಿವಿಷನ್ ತ್ರೀ. ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ಸಂಸ್ಥೆ 1973ರಲ್ಲಿ ಈ ಮೂರು ವಿಭಾಗ ಮಾಡಿತು. ಡಿವಿಷನ್ ತ್ರೀಯ ಮುಖ್ಯ ನಿಯಮ ಏನಪ್ಪಾ ಅಂದರೆ, ಆಟಕ್ಕೆಂದು ಸ್ಕಾಲರ್‌ಶಿಪ್ ಕೊಡುವ ಹಾಗಿಲ್ಲ. ನೀವು ಎಷ್ಟೇ ಚೆನ್ನಾಗಿ ಆಡಿ, ಅದಕ್ಕಾಗಿ ಒಂದು ರೂಪಾಯಿ ಫೀಸು ಕಡಿಮೆಯಾಗುವುದಿಲ್ಲ. ಮನೆಯ ಆದಾಯ ನೋಡಿ ಕೊಡುವ ನೆರವು ಬೇರೆ, ಅದು ಆಡದವರಿಗೂ ಸಿಗುತ್ತದೆ.

ಹಾಗಾದರೆ ಯಾಕೆ ಆಡುತ್ತಾರೆ? ಟಿಕೆಟ್ ಇಲ್ಲ. ಗ್ಯಾಲರಿಯಲ್ಲಿ ನೂರೋ ಇನ್ನೂರೋ ಜನ. ಅದರಲ್ಲಿ ಅರ್ಧ ಜನ ಆಡುವವರ ಅಪ್ಪ ಅಮ್ಮ, ಮಿಕ್ಕವರು ರೂಮ್‌ಮೇಟುಗಳು. ಆದರೂ ಆಡುತ್ತಾರೆ. ನನ್ನ ಮಧ್ಯಾಹ್ನದ ಲ್ಯಾಬ್ ನಾಲ್ಕು ಗಂಟೆಗೆ ಮುಗಿಯುತ್ತಿತ್ತು. ಪ್ರಾಕ್ಟೀಸು ನಾಲ್ಕೂವರೆಗೆ. ಕೆಲವು ಹುಡುಗಿಯರು ಲ್ಯಾಬ್ ಕೋಟಿನ ಕೆಳಗೆ ಮೊಣಕಾಲವರೆಗಿನ ಸಾಕರ್ (ನಾವು ಫುಟ್ಬಾಲ್ ಅನ್ನುವ ಆಟ) ಸಾಕ್ಸ್ ಹಾಕಿಕೊಂಡೇ ಬರುತ್ತಿದ್ದರು. ಫ್ಲಾಸ್ಕ್ ತೊಳೆದಿಟ್ಟು, ಕನ್ನಡಕ ಕಳಚಿ, ಬಾಗಿಲಲ್ಲೇ ಶೂ ಬದಲಾಯಿಸಿ ಓಟ. ದೂರದ ಪಂದ್ಯದ ದಿನ ಪರೀಕ್ಷೆ ಬಿದ್ದರೆ ಪ್ರಶ್ನೆಪತ್ರಿಕೆಯನ್ನು ಲಕೋಟೆಗೆ ಹಾಕಿ ಅಂಟಿಸಿ ಕೋಚ್ ಕೈಗೆ ಕೊಡುತ್ತಿದ್ದೆ. ಅವರು ಹೋಟೆಲಿನ ಒಂದು ರೂಮಿನಲ್ಲಿ ಕೂರಿಸಿ ಬರೆಸುತ್ತಿದ್ದರು. ಸೋತು ಬಂದ ರಾತ್ರಿ ಬರೆದ ಉತ್ತರ ಪತ್ರಿಕೆ ಯಾವುದು ಅಂತ ಅಕ್ಷರ ನೋಡಿದರೇ ಹೇಳಬಹುದಿತ್ತು!

ನಮ್ಮಲ್ಲಿ ಹೇಗೆ? ಯೂನಿವರ್ಸಿಟಿ ತಂಡಕ್ಕೆ ಆಡುವ ಹುಡುಗ ಹಾಜರಾತಿ ಶಾರ್ಟೇಜ್ ಆಗಿ ಪ್ರಿನ್ಸಿಪಾಲರ ಬಾಗಿಲಲ್ಲಿ ಕಾಯುತ್ತಾ ನಿಂತಿರುತ್ತಾನೆ. ಪಕ್ಕದಲ್ಲಿ ಪಿ.ಟಿ. ಮೇಷ್ಟ್ರು ಶಿಫಾರಸು ಪತ್ರ ಹಿಡಿದು ನಿಂತಿರುತ್ತಾರೆ. ಇಲ್ಲಿ ಕೂತಿರುವ ಮೇಷ್ಟ್ರುಗಳು ನಗುತ್ತಿದ್ದೀರಿ, ನಿಮಗೆ ಗೊತ್ತು.

ಈಗ ಲೆಕ್ಕಕ್ಕೆ ಬರೋಣ. ಮಿಷಿಗನ್‌ನಲ್ಲಿ ಐವತ್ತು ಸಾವಿರ ವಿದ್ಯಾರ್ಥಿಗಳು. ಕಾಲೇಜು ತಂಡಗಳಲ್ಲಿ ಇರುವವರು ಸಾವಿರದ ಆಸುಪಾಸು. ಅಂದರೆ ನೂರಕ್ಕೆ ಇಬ್ಬರು. ನೀವು ಅಲ್ಲಿ ನಾಲ್ಕು ವರ್ಷ ಓದಿಯೂ ಒಬ್ಬ ಆಟಗಾರನ ಪಕ್ಕ ಕೂರದೆ ಬರಬಹುದು. ಆದರೆ ವಿಲಿಯಮ್ಸ್ ಕಾಲೇಜಿಗೆ ಬನ್ನಿ. ಎರಡು ಸಾವಿರದಷ್ಟು ಮಕ್ಕಳು, ಮೂವತ್ತಕ್ಕೂ ಹೆಚ್ಚು ತಂಡ. ಮೂರರಲ್ಲಿ ಒಬ್ಬರು ಯಾವುದೋ ಒಂದು ತಂಡದಲ್ಲಿರುತ್ತಾರೆ. ಹಾಗಾದರೆ ಆಟ ಯಾವ ಕಾಲೇಜಿನ ಒಳಗೆ ಜಾಸ್ತಿ ಇಳಿದಿದೆ? ಲಕ್ಷ ಜನ ನೋಡುವ ಕಡೆಯೋ, ಇನ್ನೂರು ಜನ ನೋಡುವ ಕಡೆಯೋ? ಸಣ್ಣ ಕಾಲೇಜಿನಲ್ಲಿ ಆಟ ಅಂದರೆ ಸಂಜೆಯ ಚಟುವಟಿಕೆ ಅಂತ ನಾವು ಸುಮ್ನೆ ಅಂದುಕೊಳ್ಳುತ್ತೇವೆ. ನಿಜ ನೋಡಿದರೆ ಯಾರಿಗೆ ಸೀಟು ಸಿಗಬೇಕು ಅನ್ನುವುದನ್ನೇ ಅದು ತೀರ್ಮಾನಿಸುತ್ತದೆ.

ಹೇಗೆ ಅಂತ ಹೇಳುತ್ತೇನೆ. ಸ್ಕಾಲರ್‌ಶಿಪ್ ಇಲ್ಲ, ಸರಿ. ಆದರೆ ಕೋಚ್ ಕೈಯಲ್ಲಿ ಒಂದು ಪಟ್ಟಿ ಇದೆ. ನನಗೆ ಈ ಗೋಲ್‌ಕೀಪರ್ ಬೇಕು, ಈ ಈಜುಗಾರ್ತಿ ಬೇಕು ಎಂದು ಅವರು ಅಡ್ಮಿಷನ್ ಆಫೀಸಿಗೆ ಹೆಸರು ಕೊಡುತ್ತಾರೆ. ಅಂಕ ತೀರಾ ಕಡಿಮೆ ಇದ್ದರೆ ಆಫೀಸು ಒಪ್ಪುವುದಿಲ್ಲ. ಆದರೆ ಒಳ್ಳೆಯ ಅಂಕ ಪಡೆದ ನೂರಾರು ಅರ್ಜಿಗಳ ಮಧ್ಯೆ ಕೋಚ್ ಬೆರಳಿಟ್ಟ ಅರ್ಜಿ ಮೇಲೆ ಬರುತ್ತದೆ. ಹತ್ತು ಜನ ಅರ್ಜಿ ಹಾಕಿದರೆ ಒಬ್ಬರಿಗೆ ಸೀಟು ಸಿಗುವ ಕಾಲೇಜಿನಲ್ಲಿ ಇದು ಸಣ್ಣ ಮಾತಲ್ಲ. ಒಂದು ಸೀಟಿನ ಬೆಲೆ ಲಕ್ಷಾಂತರ ಡಾಲರ್ ಅಂತ ಲೆಕ್ಕ ಹಾಕುವ ಅಪ್ಪ ಅಮ್ಮಂದಿರು ಅಲ್ಲೂ ಇದ್ದಾರೆ.

ಇಲ್ಲೊಂದು ಚೂರು ದಾರಿ ಬಿಟ್ಟು ಹೋಗುತ್ತೇನೆ. 2019ರಲ್ಲಿ ಅಲ್ಲಿ ಒಂದು ದೊಡ್ಡ ಹಗರಣ ಹೊರಬಿತ್ತು. ಹೆಸರಾಂತ ದೊಡ್ಡ ವಿಶ್ವವಿದ್ಯಾಲಯಗಳ ಕೆಲವು ಕೋಚ್‌ಗಳಿಗೆ ಶ್ರೀಮಂತರು ಲಂಚ ಕೊಟ್ಟು, ಆಟವೇ ಬಾರದ ಮಕ್ಕಳನ್ನು ಆಟಗಾರರು ಅಂತ ಸೇರಿಸಿದ್ದರು. ಒಬ್ಬ ಅಪ್ಪನಂತೂ ವಾಟರ್ ಪೋಲೋ ಸಾಮಾನು ತರಿಸಿ, ಮಗನನ್ನು ಮನೆಯ ಈಜುಕೊಳಕ್ಕಿಳಿಸಿ ಫೋಟೋ ತೆಗೆಸಿದ್ದ. ಕ್ಯಾಪಿಟೇಷನ್ ನಮ್ಮಲ್ಲಿ ಮಾತ್ರ ಅಂದುಕೊಂಡವರಿಗೆ ಇದನ್ನು ಹೇಳುತ್ತಿರುತ್ತೇನೆ. ಇದು ಸಣ್ಣ ಕಾಲೇಜುಗಳ ಕಥೆಯಲ್ಲ. ಆದರೆ ಕೋಚ್ ಪಟ್ಟಿಗೆ ಎಷ್ಟು ಬೆಲೆ ಇದೆ ಅಂತ ಇದರಿಂದ ಗೊತ್ತಾಗುತ್ತದೆ.

ಸರಿ, ವಾಪಸ್ ಬರೋಣ. ಅಮೆರಿಕನ್ ಫುಟ್ಬಾಲ್ ತಂಡಕ್ಕೆ ಎಷ್ಟು ಜನ ಬೇಕು ಗೊತ್ತಾ? ಕ್ರಿಕೆಟ್ ತರಹ ಹನ್ನೊಂದು ಜನರಲ್ಲ. ಮುನ್ನುಗ್ಗುವವರು ಹನ್ನೊಂದು ಮಂದಿ, ತಡೆಯುವವರು ಬೇರೆ ಹನ್ನೊಂದು ಮಂದಿ, ಒದೆಯುವವರು ಬೇರೆ. ವಾರವಾರ ಯಾರದಾದರೂ ಮಂಡಿ, ಭುಜ ಹೋಗುತ್ತದೆ, ಆ ಜಾಗಕ್ಕೆ ಇನ್ನೊಬ್ಬರು. ಐವತ್ತು ಅರವತ್ತು ಹುಡುಗರಾದರೂ ಬೇಕು. 1,400 ಮಕ್ಕಳ ಒಂದು ಕಾಲೇಜು ಅನ್ನಿ, ಅರ್ಧ ಹುಡುಗಿಯರು. ಉಳಿದ 700 ಹುಡುಗರಲ್ಲಿ ಅರವತ್ತು ಜನ ಒಂದೇ ತಂಡಕ್ಕೆ! ಅದರ ಮೇಲೆ ಬ್ಯಾಸ್ಕೆಟ್‌ಬಾಲ್, ಬೇಸ್‌ಬಾಲ್, ಸಾಕರ್, ಬಲೆ ಕಟ್ಟಿದ ಕೋಲಿನಲ್ಲಿ ಬಾಲ್ ಹಿಡಿದು ಎಸೆಯುವ ಲಕ್ರಾಸ್, ಈಜು. ಇನ್ನು ಪಿಟೀಲು ನುಡಿಸುವವನಿಗೆ, ನಾಟಕ ಆಡುವವನಿಗೆ, ಏನೂ ಮಾಡದೆ ಬರೀ ಪುಸ್ತಕ ಓದುವವನಿಗೆ ಜಾಗ ಎಲ್ಲಿ?

ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ ಕಾಲೇಜು ಸ್ವಾರ್ತ್‌ಮೋರ್. ಅದೂ ಫಿಲಡೆಲ್ಫಿಯಾ ಹತ್ತಿರದ್ದೇ, ಕ್ವೇಕರ್‌ಗಳು ಕಟ್ಟಿದ್ದೇ, ಗಾತ್ರದಲ್ಲೂ ಹ್ಯಾವರ್‌ಫರ್ಡ್‌ನಷ್ಟೇ. 2000ದ ಡಿಸೆಂಬರ್‌ನಲ್ಲಿ ಅಲ್ಲಿನ ಆಡಳಿತ ಮಂಡಳಿ ಫುಟ್ಬಾಲ್ ತಂಡ ನಿಲ್ಲಿಸಿತು. ಜತೆಗೆ ಕುಸ್ತಿಯನ್ನು ಕೈಬಿಟ್ಟಿತು. ಬ್ಯಾಡ್ಮಿಂಟನ್ನಿಗೂ ಆಗ ಕಾಲೇಜು ತಂಡದ ಸ್ಥಾನ ಹೋಯಿತು, ಆಮೇಲೆ ವಾಪಸ್ ಸಿಕ್ಕಿತು. ಕಾರಣ ದುಡ್ಡಲ್ಲ. ಸ್ವಾರ್ತ್‌ಮೋರ್ ಶ್ರೀಮಂತ ಕಾಲೇಜು. ಇಷ್ಟು ತಂಡಗಳನ್ನು ಚೆನ್ನಾಗಿ ನಡೆಸಬೇಕಾದರೆ ಇಷ್ಟೊಂದು ಸೀಟು ಆಟಕ್ಕೇ ಎತ್ತಿಡಬೇಕು, ಅದು ನಮಗೆ ಬೇಡ ಅಂದರು. ದೊಡ್ಡ ಗಲಾಟೆ ಆಯಿತು. ಹಳೆಯ ವಿದ್ಯಾರ್ಥಿಗಳು ಸಿಟ್ಟಾದರು. ನೂರು ವರ್ಷಕ್ಕೂ ಹಳೆಯ ತಂಡ ಅದು. ಹ್ಯಾವರ್‌ಫರ್ಡ್ ಈ ಕೆಲಸವನ್ನು 1972ರಲ್ಲೇ ಮಾಡಿ ಮುಗಿಸಿತ್ತು. ಫುಟ್ಬಾಲ್ ಬಿಟ್ಟು ಕ್ರಿಕೆಟ್ ಉಳಿಸಿಕೊಂಡ ಅಮೆರಿಕದ ಕಾಲೇಜು ಅಂದರೆ ಅದೊಂದೇ ಇರಬೇಕು, ಅಲ್ವಾ?

ಸ್ವಾರ್ತ್‌ಮೋರ್ ಮಾಡಿದ್ದು ಸರಿ ಅಂತ ನನ್ನ ಅಭಿಪ್ರಾಯ. ಆಟ ಬೇಡ ಅಂತಲ್ಲ. ಫುಟ್ಬಾಲ್ ಹೋದ ಮೇಲೆ ಅಲ್ಲಿ ಉಳಿದ ತಂಡಗಳು ಸೊರಗಲಿಲ್ಲ. 2019ರಲ್ಲಿ ಅವರ ಬ್ಯಾಸ್ಕೆಟ್‌ಬಾಲ್ ಹುಡುಗರು ಡಿವಿಷನ್ ತ್ರೀ ಫೈನಲ್‌ವರೆಗೂ ಹೋದರು.

ಇದಕ್ಕೆ ತದ್ವಿರುದ್ಧ ಕಥೆಯೂ ಇದೆ. ಹೆಸರಿಲ್ಲದ, ದುಡ್ಡಿಲ್ಲದ ಸಣ್ಣ ಕಾಲೇಜುಗಳು ಅಲ್ಲಿ ಬೇಕಾದಷ್ಟಿವೆ. ಅವಕ್ಕೆ ಸೀಟಿನ ಕೊರತೆ ಇಲ್ಲ, ಮಕ್ಕಳ ಕೊರತೆ. ಹಾಸ್ಟೆಲು ಖಾಲಿ. ಅದರಲ್ಲೂ ಹುಡುಗರು ಬರುವುದು ಕಡಿಮೆ. ಅವರು ಏನು ಮಾಡುತ್ತಾರೆ? ಹೊಸದಾಗಿ ಫುಟ್ಬಾಲ್ ತಂಡ ಶುರು ಮಾಡುತ್ತಾರೆ. ನೂರು ಹುಡುಗರು ಬರುತ್ತಾರೆ. ಸ್ಕಾಲರ್‌ಶಿಪ್ ಇಲ್ಲವಲ್ಲ, ಎಲ್ಲರೂ ಫೀಸು ಕಟ್ಟುತ್ತಾರೆ. ಅರ್ಧಕ್ಕರ್ಧ ಜನ ಪಂದ್ಯದಲ್ಲಿ ಮೈದಾನಕ್ಕೆ ಇಳಿಯುವುದೂ ಇಲ್ಲ. ಆದರೂ ತಂಡದಲ್ಲಿ ಇದ್ದೇನೆ ಅನ್ನುವ ಖುಷಿಗೆ ಬರುತ್ತಾರೆ. ಸ್ವಾರ್ತ್‌ಮೋರ್‌ಗೆ ಫುಟ್ಬಾಲ್ ಸೀಟು ತಿನ್ನುವ ಆಟ, ಇವರಿಗೆ ಸೀಟು ತುಂಬುವ ಆಟ. ಎಂಟು ಜನರ ಮನೆಗೆ ಹತ್ತು ಜನ ನೆಂಟರು ಬಂದರೆ ಒಬ್ಬರಿಗೆ ಸಂಭ್ರಮ, ಇನ್ನೊಬ್ಬರಿಗೆ ಸಂಕಟ. ಅಡುಗೆಮನೆಯಲ್ಲಿ ಏನಿದೆ ಅನ್ನುವುದರ ಮೇಲೆ ಹೋಗುತ್ತದೆ.

ಸೋಲಿನ ವಿಷಯಕ್ಕೆ ಬಂದರೆ ಮಕಾಲೆಸ್ಟರ್ ಕಾಲೇಜನ್ನು ಬಿಡುವ ಹಾಗಿಲ್ಲ. ಮಿನೆಸೋಟದ ಸೇಂಟ್ ಪಾಲ್‌ನಲ್ಲಿದೆ. 1974ರಿಂದ 1980ರವರೆಗೆ ಅವರ ಫುಟ್ಬಾಲ್ ತಂಡ ಸತತವಾಗಿ 50 ಪಂದ್ಯ ಸೋತಿತು. ಐವತ್ತು! ಅಂದರೆ ಮೊದಲ ವರ್ಷ ಸೇರಿ, ನಾಲ್ಕು ವರ್ಷ ಆಡಿ, ಒಂದೂ ಗೆಲುವು ನೋಡದೆ ಡಿಗ್ರಿ ತೆಗೆದುಕೊಂಡು ಹೋದವರಿದ್ದಾರೆ. ಅದೇ ಕಾಲೇಜಿನ ಓಟದ ತಂಡದಲ್ಲಿ ಹಿಂದೆ ಘಾನಾದ ಒಬ್ಬ ಹುಡುಗ ಇದ್ದ. 1961ರಲ್ಲಿ ಡಿಗ್ರಿ ಮುಗಿಸಿದ. ಆಮೇಲೆ ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿಯಾದ. ಕೋಫಿ ಅನ್ನಾನ್.

ಗೆಲುವಿನ ಕಡೆ ಕೆನ್ಯನ್. ಒಹಾಯೋದ ಹಳ್ಳಿಯಂಥ ಊರಿನ ಕಾಲೇಜು. ಗಂಡುಮಕ್ಕಳ ಈಜಿನಲ್ಲಿ 1980ರಿಂದ 2010ರವರೆಗೆ ಸತತ 31 ವರ್ಷ ಡಿವಿಷನ್ ತ್ರೀ ಚಾಂಪಿಯನ್. 2011ರಲ್ಲಿ ಅದೇ ರಾಜ್ಯದ ಡೆನಿಸನ್ ಕಾಲೇಜು ಒಂದೇ ಒಂದು ಪಾಯಿಂಟಿನಿಂದ ಅವರನ್ನು ಸೋಲಿಸಿತು.

ಈಗ ಗ್ರಿನೆಲ್. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನನಗೆ ಇಷ್ಟದ ಕಥೆ. ಅಯೋವಾದ ಜೋಳದ ಹೊಲಗಳ ಮಧ್ಯೆ ಇರುವ ಕಾಲೇಜು. ಡೇವಿಡ್ ಆರ್ಸೆನೋ ಎಂಬ ಬ್ಯಾಸ್ಕೆಟ್‌ಬಾಲ್ ಕೋಚ್ ಬಂದಾಗ ತಂಡ ಸೋಲುತ್ತಲೇ ಇತ್ತು. ಬೆಂಚಿನ ಮೇಲೆ ಕೂತು ಬೇಜಾರಾಗಿ ಹುಡುಗರು ಬಿಟ್ಟು ಹೋಗುತ್ತಿದ್ದರು. ಸ್ಕಾಲರ್‌ಶಿಪ್ ಇದ್ದಿದ್ದರೆ ಹಿಡಿದಿಡಬಹುದಿತ್ತು. ಇಲ್ಲವಲ್ಲ. ಆಡಲು ಸಿಗದಿದ್ದರೆ ಯಾಕೆ ಬರಬೇಕು? ಅದಕ್ಕೆ ಅವರು ಒಂದು ಉಪಾಯ ಮಾಡಿದರು. ಐದು ಜನರ ಗುಂಪುಗಳನ್ನು ಕಟ್ಟಿ, ನಿಮಿಷಕ್ಕೊಮ್ಮೆ ಅಂಕಣದಲ್ಲಿರುವ ಐದೂ ಜನರನ್ನು ಹೊರಗೆ ಕರೆದು ಹೊಸ ಐದು ಜನರನ್ನು ಒಳಗೆ ಬಿಡುವುದು. ಒಳಗಿರುವಷ್ಟು ಹೊತ್ತು ಉಸಿರು ಬಿಡದೆ ಓಡುವುದು. ಎದುರಾಳಿಯನ್ನು ಪೂರ್ತಿ ಅಂಕಣದಲ್ಲಿ ಅಟ್ಟಾಡಿಸುವುದು. ಸಿಕ್ಕ ಕೂಡಲೇ ಮೂರು ಪಾಯಿಂಟಿನ ಗೆರೆಯ ಆಚೆಯಿಂದ ಎಸೆಯುವುದು. ಎದುರಾಳಿ ಸುಲಭವಾಗಿ ಎರಡು ಪಾಯಿಂಟ್ ಹಾಕಿದರೆ ಹಾಕಲಿ, ಬಾಲ್ ಬೇಗ ನಮ್ಮ ಕೈಗೆ ಬರಲಿ. ಹದಿನೈದು ಹುಡುಗರೂ ಪಂದ್ಯ ಮುಗಿಯುವಾಗ ಬೆವರಿನಲ್ಲಿ ತೊಯ್ದಿರುತ್ತಿದ್ದರು.

2012ರ ನವೆಂಬರ್ 20ರಂದು ಈ ಪದ್ಧತಿಯಲ್ಲಿ ಆಡುತ್ತಾ ಜ್ಯಾಕ್ ಟೇಲರ್ ಎಂಬ ಹುಡುಗ ಒಂದೇ ಪಂದ್ಯದಲ್ಲಿ 138 ಪಾಯಿಂಟ್ ಹಾಕಿದ. ಎನ್‌ಸಿಎಎ ದಾಖಲೆ. ಮರುದಿನ ಮಿಷಿಗನ್ ಸ್ಟೇಡಿಯಂ ತುಂಬಿಸುವವರೂ ಗ್ರಿನೆಲ್ ಎಲ್ಲಿದೆ ಅಂತ ನಕ್ಷೆ ನೋಡಿದರು. ಆದರೆ ಅಂಕಿ ಬಿಡಿಸಿ ನೋಡಿ. ಅವನು ಎಸೆದದ್ದು 108 ಸಲ. ಅಂತಿಮ ಅಂಕ 179-104. ಎದುರಾಳಿ ಫೇತ್ ಬ್ಯಾಪ್ಟಿಸ್ಟ್ ಬೈಬಲ್ ಕಾಲೇಜು, ಗ್ರಿನೆಲ್‌ಗಿಂತಲೂ ಚಿಕ್ಕದು. ಎಲ್ಲರಿಗೂ ಆಡಲು ಸಿಗಲಿ ಎಂದು ಹುಟ್ಟಿದ ಪದ್ಧತಿ, ಅವತ್ತು ಒಬ್ಬನಿಗೆ ಬಾಲ್ ಕೊಡುವ ಯಂತ್ರವಾಯಿತು. ದಾಖಲೆ ದಾಖಲೆಯೇ. ನನಗೆ ಮಾತ್ರ ಆ ಹದಿನೈದು ಜನ ಬೆವರಿದ ಸಾಧಾರಣ ಪಂದ್ಯಗಳೇ ಜಾಸ್ತಿ ಇಷ್ಟ.

ಇದೇ ಗ್ರಿನೆಲ್‌ಗೆ 2019ರಲ್ಲಿ ಏನಾಯಿತು ನೋಡಿ. ಫುಟ್ಬಾಲ್ ತಂಡ ಮೂರು ಪಂದ್ಯ ಆಡಿತು. ಪೆಟ್ಟಾಗಿ ಒಬ್ಬೊಬ್ಬರೇ ಹೊರಗುಳಿದು, ಆಡುವ ಸ್ಥಿತಿಯಲ್ಲಿದ್ದವರು ಮೂವತ್ತಕ್ಕಿಂತ ಕಡಿಮೆಯಾದರು. ಸುಸ್ತಾದ ಹುಡುಗರನ್ನೇ ಮತ್ತೆ ಮತ್ತೆ ಇಳಿಸಿದರೆ ತಲೆಗೆ ಪೆಟ್ಟು ಬೀಳುವ ಅಪಾಯ ಹೆಚ್ಚು. ಇನ್ನು ಆಡುವುದು ಕ್ಷೇಮವಲ್ಲ ಎಂದು ಆಟಗಾರರೇ ಹೇಳಿದರು. ಕಾಲೇಜು ಒಪ್ಪಿ ಆ ವರ್ಷದ ಮಿಕ್ಕ ಪಂದ್ಯಗಳನ್ನು ಬಿಟ್ಟುಕೊಟ್ಟಿತು. ದೊಡ್ಡ ವಿಶ್ವವಿದ್ಯಾಲಯದಲ್ಲಿ ಟಿವಿ ಒಪ್ಪಂದ ಇರುವಾಗ ಹುಡುಗರ ಮಾತಿಗೆ ಹೀಗೆ ತಲೆಬಾಗುತ್ತಿದ್ದರಾ? ನನಗೆ ಅನುಮಾನ.

ಇನ್ನೊಂದು ಮಾತು, ಇದು ಸ್ವಲ್ಪ ಕಹಿ. ಕ್ರೀಡೆ ಬಡ ಮಕ್ಕಳಿಗೆ, ಕರಿಯ ಮಕ್ಕಳಿಗೆ ಕಾಲೇಜಿನ ಬಾಗಿಲು ತೆರೆಯುತ್ತದೆ ಅಂತ ಅಮೆರಿಕದಲ್ಲಿ ಒಂದು ನಂಬಿಕೆ ಇದೆ. ದೊಡ್ಡ ಕಡೆ ಬ್ಯಾಸ್ಕೆಟ್‌ಬಾಲ್, ಫುಟ್ಬಾಲ್ ಮಟ್ಟಿಗೆ ಅದರಲ್ಲಿ ಸತ್ಯ ಉಂಟು. ಸಣ್ಣ ಕಾಲೇಜಿನ ತಂಡಗಳ ಪಟ್ಟಿ ನೋಡಿ. ಲಕ್ರಾಸ್, ಗೋಡೆಗೆ ಬಾಲ್ ಹೊಡೆದು ಆಡುವ ಸ್ಕ್ವಾಷ್, ದೋಣಿ ನಡೆಸುವ ರೋಯಿಂಗ್, ಕತ್ತಿವರಸೆ, ಗಾಲ್ಫ್. ಇವು ಯಾವ ಸ್ಕೂಲಿನಲ್ಲಿ ಇರುತ್ತವೆ? ದುಬಾರಿ ಫೀಸಿನ ಖಾಸಗಿ ಸ್ಕೂಲಿನಲ್ಲಿ. ಹಾಗಾಗಿ ಕೋಚ್ ಪಟ್ಟಿಯಿಂದ ಒಳಗೆ ಬರುವವರಲ್ಲಿ ಬಿಳಿಯರು, ಉಳ್ಳವರ ಮಕ್ಕಳೇ ಜಾಸ್ತಿ. ಪ್ರಿನ್ಸ್‌ಟನ್‌ನ (ಅಲ್ಲಿನ ಹೆಸರಾಂತ ವಿಶ್ವವಿದ್ಯಾಲಯ) ಮಾಜಿ ಅಧ್ಯಕ್ಷ ವಿಲಿಯಂ ಬೊವೆನ್ ಮತ್ತು ಸಂಗಡಿಗರು 2001ರಲ್ಲೇ ಈ ಕಾಲೇಜುಗಳ ಅಂಕಿಅಂಶ ಹರಡಿ ತೋರಿಸಿದರು. ಪ್ರವೇಶದಲ್ಲಿ ಆಟಗಾರರಿಗೆ ಸಿಗುವ ಅನುಕೂಲ ಎಷ್ಟು ದೊಡ್ಡದು, ಓದಿನಲ್ಲಿ ಅವರು ನಿರೀಕ್ಷೆಗಿಂತ ಎಷ್ಟು ಹಿಂದೆ ಬೀಳುತ್ತಾರೆ ಅಂತ. ನಾನು ಕಂಡ ಸಾಕ್ಸ್ ಹುಡುಗಿಯರು ಹಿಂದೆ ಬಿದ್ದವರಲ್ಲ ಅನ್ನಿ. ಆದರೆ ನನ್ನ ಲ್ಯಾಬ್ ಇಡೀ ದೇಶವಲ್ಲ.

ಸ್ಕ್ವಾಷ್ ಅಂದೆನಲ್ಲ, ಅಲ್ಲಿ ನಮ್ಮವರ ನಂಟು ಬರುತ್ತದೆ. ಕನೆಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿ ಟ್ರಿನಿಟಿ ಕಾಲೇಜು ಇದೆ. ಸ್ಕ್ವಾಷನ್ನು ಎನ್‌ಸಿಎಎ ನಡೆಸುವುದಿಲ್ಲ. ಡಿವಿಷನ್ ಗೋಡೆ ಇಲ್ಲ. ಹಾಗಾಗಿ ಈ ಸಣ್ಣ ಕಾಲೇಜು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಜತೆ ನೇರ ಸೆಣಸಬಹುದು. ಕೋಚ್ ಪಾಲ್ ಅಸಾಯಾಂಟೆ ಹೊರದೇಶಗಳಿಂದ ಆಟಗಾರರನ್ನು ಹುಡುಕಿ ತಂದರು. ಭಾರತ, ಪಾಕಿಸ್ತಾನದ ಹುಡುಗರು ಒಂದೇ ತಂಡದಲ್ಲಿ. 1998ರಿಂದ ಸತತ 252 ಗೆಲುವು. 2009ರ ಫೈನಲ್‌ನಲ್ಲಿ ಪ್ರಿನ್ಸ್‌ಟನ್ ಮೇಲೆ ಎರಡೂ ಕಡೆ 4-4 ಸಮ. ಕೊನೆಯ ಆಟ, ಅದರ ಐದನೇ ಗೇಮ್. ಪಾಕಿಸ್ತಾನದ ಬಾಸಿತ್ ಚೌಧರಿ 0-5 ಹಿಂದಿದ್ದಾನೆ. ಅಲ್ಲಿಂದ ಎದ್ದು ಬಂದು ಗೆದ್ದ. ಸರಣಿ ಮುರಿದದ್ದು 2012ರ ಜನವರಿಯಲ್ಲಿ, ಯೇಲ್ ಕೈಯಲ್ಲಿ, 5-4ರಿಂದ. ಹೊರಗಿನಿಂದ ತಂದು ಗೆದ್ದರು ಅಂತ ಆಗ ಗೊಣಗಿದವರು ಬಹಳ. ಗೊಣಗಿದ ಕಾಲೇಜುಗಳೇ ಆಮೇಲೆ ಮುಂಬೈ, ಚೆನ್ನೈ, ಕೈರೋ ಟೂರ್ನಮೆಂಟುಗಳಿಗೆ ಕೋಚ್‌ಗಳನ್ನು ಕಳಿಸತೊಡಗಿದವು.

ಮಾತು ಮುಗಿದ ಮೇಲೆ ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಸೇರಿಸುತ್ತೇನೆ. ಒಬ್ಬ ತಾಯಿ ಕೇಳಿದರು: ‘ನನ್ನ ಮಗಳು ಸ್ಟೇಟ್ ಲೆವೆಲ್ ಬ್ಯಾಡ್ಮಿಂಟನ್ ಆಡ್ತಾಳೆ ಸರ್. ಅಲ್ಲಿ ಸೀಟಿಗೆ ಅನುಕೂಲ ಆಗುತ್ತಾ?’

ಕಷ್ಟ ಅಮ್ಮ. ಎನ್‌ಸಿಎಎ ಚಾಂಪಿಯನ್‌ಶಿಪ್‌ಗಳಲ್ಲಿ ಬ್ಯಾಡ್ಮಿಂಟನ್ ಇಲ್ಲ. ಬಹುತೇಕ ಕಡೆ ಅದು ಕ್ಲಬ್ ಆಟ. ಕ್ಲಬ್ ಅಂದರೆ ಮಕ್ಕಳೇ ಸೇರಿ ಆಡಿಕೊಳ್ಳುವುದು. ಅದಕ್ಕೆ ಕೋಚ್ ಪಟ್ಟಿ ಇರುವುದಿಲ್ಲ. ಅರ್ಜಿಯಲ್ಲಿ ಬರೆಯಲಿ, ವರ್ಷಗಟ್ಟಲೆ ಬೆಳಗ್ಗೆ ಐದಕ್ಕೆ ಎದ್ದು ಆಡಿದ್ದಾಳೆ ಅನ್ನುವುದಕ್ಕೆ ಬೆಲೆ ಇದೆ. ಆದರೆ ಟೆನಿಸ್, ಈಜು, ಸ್ಕ್ವಾಷ್ ಆಡುವ ಮಕ್ಕಳಿಗೆ ದಾರಿ ಬೇರೆ. ಅವರು ಫಸ್ಟ್ ಪಿಯುಸಿಯಲ್ಲೇ ಕೋಚ್‌ಗೆ ಇಮೇಲ್ ಮಾಡಬೇಕು. ರ‍್ಯಾಂಕಿಂಗ್, ಈಜಾದರೆ ಟೈಮಿಂಗ್, ಆಡುವ ಒಂದು ವೀಡಿಯೊ, ಜತೆಗೆ ಅಂಕಪಟ್ಟಿ. ಬಹಳ ಕೋಚ್‌ಗಳು ಮೊದಲು ತೆರೆಯುವುದು ಅಂಕಪಟ್ಟಿಯನ್ನೇ. ಅದು ಸರಿಯಿಲ್ಲದಿದ್ದರೆ ಅಡ್ಮಿಷನ್ ಆಫೀಸು ತಮ್ಮ ಮಾತು ಕೇಳುವುದಿಲ್ಲ ಅಂತ ಅವರಿಗೆ ಗೊತ್ತು. ಇಮೇಲನ್ನು ಮಗಳೇ ಬರೆಯಲಿ, ನೀವು ಬರೆದುಕೊಡಬೇಡಿ. ಅಪ್ಪ ಅಮ್ಮ ಬರೆದ ಇಮೇಲ್ ಯಾವುದು ಅಂತ ಎರಡನೇ ಸಾಲಿಗೇ ಗೊತ್ತಾಗುತ್ತದೆ.